ಕೇಳದೆ ಕೊಟ್ಟ ತೀರ್ಪು: ಸಾಣಾಪುರ–ಆನೆಗೊಂದಿ ಸೀಮೆಯ ಕಥನ ಪರಂಪರೆ ಮತ್ತು ಆರೋಪಿಯ ನ್ಯಾಯದ ಪ್ರಶ್ನೆ

1. ಪ್ರವೇಶ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿಗೆ ಸೇರಿದ ಸಾಣಾಪುರವು ತುಂಗಭದ್ರೆಯ ಎಡದಂಡೆಯ ಸೀಮೆಯಲ್ಲಿರುವ ಗ್ರಾಮ. ಇದರ ನೆರೆಯಲ್ಲಿ ವಿಜಯನಗರದ ಆರಂಭದ ರಾಜಧಾನಿಯೆನಿಸಿದ ಆನೆಗೊಂದಿ, ಅಂಜನಾದ್ರಿ, ಪಂಪಾಸರೋವರಗಳಿವೆ. ನದಿಯ ಆಚೆ ದಂಡೆಯಲ್ಲಿ ಹಂಪಿ ಇದೆ. ಬಂಡೆಗುಡ್ಡಗಳ ನಡುವಿನ ಕೆರೆ, ಭತ್ತದ ಗದ್ದೆ, ಹರಿಗೋಲುಗಳ ಈ ಊರು ಈಚಿನ ದಶಕಗಳಲ್ಲಿ ಪ್ರವಾಸಿಗರ ತಾಣವಾಗಿ ಬೆಳೆದಿದೆ. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ ಕುಳಿತಿದ್ದವರ ಮೇಲೆ ನಡೆದ ದಾಳಿಯಲ್ಲಿ ಇಬ್ಬರು ಮಹಿಳೆಯರು ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಕಾಲುವೆಗೆ ತಳ್ಳಲ್ಪಟ್ಟ ಮೂವರು ಪುರುಷರಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಕೆಲವೇ ದಿನಗಳಲ್ಲಿ ಮೂವರು ಆರೋಪಿಗಳ ಬಂಧನವಾಯಿತು. ಅದುವರೆಗೆ ಪ್ರವಾಸಿ ಕೈಪಿಡಿಗಳಲ್ಲಿ ಮಾತ್ರ ಕಾಣುತ್ತಿದ್ದ ಊರಿನ ಹೆಸರು ಲೋಕದ ಸುದ್ದಿಯಾಯಿತು.

ಇಂಥ ಘಟನೆಗಳು ಸಮಾಜದ ಮುಂದೆ ಎರಡು ಬೇಡಿಕೆಗಳನ್ನು ಒಟ್ಟಿಗೆ ಇಡುತ್ತವೆ. ನೊಂದವರಿಗೆ ತಡವಿಲ್ಲದೆ ನ್ಯಾಯ ದೊರೆಯಬೇಕು ಎಂಬುದು ಮೊದಲನೆಯದು. ಆರೋಪ ಎಷ್ಟೇ ಘೋರವಾಗಿದ್ದರೂ ಆರೋಪಿಯ ಮಾತನ್ನು ಕೇಳಿ, ಸಾಕ್ಷ್ಯವನ್ನು ಪರಿಶೀಲಿಸಿ ತೀರ್ಪು ಕೊಡಬೇಕು ಎಂಬುದು ಎರಡನೆಯದು. ಇವು ಪರಸ್ಪರ ವಿರುದ್ಧವಾದವು ಎಂಬ ಭಾವನೆ ಸಾರ್ವಜನಿಕ ಚರ್ಚೆಯಲ್ಲಿ ಬಲವಾಗಿ ಬೇರೂರಿದೆ. ಆರೋಪಿಯ ಹಕ್ಕು ಎಂಬುದೇ ಆಂಗ್ಲ ಕಾನೂನಿನಿಂದ ಬಂದ ಪರಕೀಯ ಕಲ್ಪನೆಯೆಂದು ಭಾವಿಸುವವರೂ ಇದ್ದಾರೆ. ಈ ಎರಡೂ ನಂಬಿಕೆಗಳನ್ನು ಸಾಣಾಪುರ–ಆನೆಗೊಂದಿ ಸೀಮೆಯ ಕಥನ, ಶಾಸನ, ಗಾದೆ ಹಾಗೂ ಆಧುನಿಕ ನ್ಯಾಯಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ವಾಲಿಯ ಪ್ರಶ್ನೆ

ಆನೆಗೊಂದಿಯ ಪರಿಸರವನ್ನು ಜನ ಕಿಷ್ಕಿಂಧೆಯೆಂದು ನಂಬುತ್ತಾರೆ. ವಾಲಿಯ ಹೆಸರನ್ನು ಹೊತ್ತ ತಾಣಗಳು ಇಲ್ಲಿವೆ. ಆನೆಗೊಂದಿಯ ಚಿಂತಾಮಣಿ ಎಂಬ ಸ್ಥಳದಿಂದ ರಾಮನು ವಾಲಿಯ ಮೇಲೆ ಬಾಣ ಬಿಟ್ಟನೆಂಬುದು ಸ್ಥಳೀಯ ಐತಿಹ್ಯ. ಹೀಗೆ ಒಂದು ಶಿಕ್ಷೆ ನಡೆದ ಜಾಗವನ್ನು ನೆಲದ ಮೇಲೆ ಗುರುತಿಸಿಟ್ಟುಕೊಂಡಿರುವುದು ಈ ಸೀಮೆಯ ವಿಶೇಷ.

ವಾಲಿವಧೆಯ ಪ್ರಸಂಗವನ್ನು ನ್ಯಾಯವಿಚಾರಣೆಯ ದೃಷ್ಟಿಯಿಂದ ನೋಡಿದರೆ ಅದರ ಕ್ರಮವೇ ತಲೆಕೆಳಗಾಗಿರುವುದು ಕಾಣುತ್ತದೆ. ಮೊದಲು ಸುಗ್ರೀವನ ದೂರು, ನಂತರ ರಾಮನ ವಚನ, ಆಮೇಲೆ ಮರೆಯಿಂದ ಬಾಣ. ವಾಲಿಯ ಮೇಲಿರುವ ಆರೋಪವೇನು ಎಂಬುದು ವಾಲಿಗೆ ತಿಳಿಯುವುದು ಬಾಣ ಎದೆಗೆ ನೆಟ್ಟ ಮೇಲೆ. ತನಗೂ ರಾಮನಿಗೂ ಹಗೆಯಿರಲಿಲ್ಲ, ಮತ್ತೊಬ್ಬನೊಡನೆ ಕಾದಾಡುತ್ತಿದ್ದಾಗ ಮರೆಯಲ್ಲಿ ನಿಂತು ಹೊಡೆದದ್ದೇಕೆ ಎಂದು ಅವನು ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಪರಾಧಕ್ಕೆ ಇದು ದಂಡನೆಯೆಂದು ರಾಮನ ಉತ್ತರ. ಅಪರಾಧ ನಿಜವೇ ಇರಬಹುದು. ಆದರೆ ಕೇಳಿದ್ದು ಒಂದು ಕಡೆಯ ಮಾತನ್ನು ಮಾತ್ರ. ವಾಲಿ ಕೊನೆಗೆ ರಾಮನ ಮಾತನ್ನು ಒಪ್ಪಿದನೆಂದು ಕಾವ್ಯ ಹೇಳಿದರೂ ಅವನ ಪ್ರಶ್ನೆಯನ್ನು ಕಾವ್ಯ ಅಳಿಸಿಹಾಕಿಲ್ಲ ಎಂಬುದು ಗಮನಾರ್ಹ. ದೇವರೆಂದು ನಂಬಿದವನ ಎದುರಿನಲ್ಲಿಯೂ ಶಿಕ್ಷಿತನ ಆಕ್ಷೇಪವನ್ನು ಪೂರ್ಣವಾಗಿ ದಾಖಲಿಸುವ ಈ ಪ್ರವೃತ್ತಿ ಭಾರತೀಯ ಕಥನ ಪರಂಪರೆಯ ದೊಡ್ಡ ಗುಣ.

ಕೊಪ್ಪಳ ಜಿಲ್ಲೆಯ ಕಿಳ್ಳೇಕ್ಯಾತ ಸಮುದಾಯದ ತೊಗಲುಗೊಂಬೆಯಾಟವು ರಾಮಾಯಣ, ಮಹಾಭಾರತಗಳ ಕಥನವನ್ನು ಊರೂರಿಗೆ ಒಯ್ದ ಮುಖ್ಯ ಮಾಧ್ಯಮ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತದ್ದು ಈ ಪರಂಪರೆಗೆ ಸಂದ ಗೌರವ. ನ್ಯಾಯಾಲಯದ ಮೆಟ್ಟಿಲನ್ನೇ ಕಾಣದ ಜನಸಮೂಹ ಒಂದು ಆರೋಪದ ಎರಡೂ ಕಡೆಯ ಮಾತನ್ನು ಕೇಳಿಸಿಕೊಂಡ ವೇದಿಕೆ ಇಂಥ ಆಟಗಳ ಬಿಳಿಪರದೆಯೇ ಆಗಿತ್ತು.

3. ಕುಮಾರರಾಮ: ವಿಚಾರಣೆಯಿಲ್ಲದ ಮರಣದಂಡನೆ

ಪುರಾಣದಿಂದ ಚರಿತ್ರೆಗೆ ಬಂದರೆ ಇದೇ ಪ್ರಶ್ನೆ ಇನ್ನಷ್ಟು ತೀವ್ರವಾಗಿ ಎದುರಾಗುತ್ತದೆ. ಗಂಗಾವತಿ ತಾಲೂಕಿನ ಕುಮ್ಮಟದುರ್ಗವು ಕಂಪಿಲರಾಯನ ಆಳ್ವಿಕೆಯ ಪ್ರಮುಖ ಕೋಟೆ. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ಸೈನ್ಯದ ದಾಳಿಗೆ ಕಂಪಿಲರಾಜ್ಯ ಬಿದ್ದಿತು. ಈ ಸಣ್ಣ ರಾಜ್ಯದ ರಾಜಕುಮಾರನಾದ ಕುಮಾರರಾಮನು ಸಾಂಗತ್ಯ ಕಾವ್ಯಗಳಲ್ಲಿ, ಜನಪದ ಕಥನಗಳಲ್ಲಿ ಹಾಗೂ ಆರಾಧನೆಯಲ್ಲಿ ಇಂದಿಗೂ ಉಳಿದಿದ್ದಾನೆ. ನಂಜುಂಡ ಕವಿ ಮೊದಲಾದವರು ಅವನ ಚರಿತ್ರೆಯನ್ನು ಬರೆದಿದ್ದಾರೆ.

ಕಥೆಯ ತಿರುಳು ಹೀಗಿದೆ. ಆಟವಾಡುವಾಗ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನನ್ನು ಅವಳು ಮೋಹಿಸುತ್ತಾಳೆ. ಅವನು ನಿರಾಕರಿಸಿದಾಗ ತನ್ನ ಮೇಲೆ ಅತಿಕ್ರಮಣ ಮಾಡಿದನೆಂದು ಗಂಡನಲ್ಲಿ ದೂರುತ್ತಾಳೆ. ಕಂಪಿಲರಾಯನು ಮಗನನ್ನು ಕರೆದು ಕೇಳುವುದಿಲ್ಲ. ತಲೆ ತರುವಂತೆ ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ಅಡಗಿಸಿಟ್ಟು ಬೇರೊಂದು ತಲೆಯನ್ನು ತೋರಿಸಿ ಅರಸನನ್ನು ನಂಬಿಸುತ್ತಾನೆ. ವೈರಿಸೈನ್ಯ ಬಂದು ರಾಜ್ಯಕ್ಕೆ ಆಪತ್ತು ಒದಗಿದಾಗ, ಸತ್ತನೆಂದು ತಿಳಿದಿದ್ದ ರಾಮ ಹೊರಬಂದು ಕಾದಾಡಿ ಮಡಿಯುತ್ತಾನೆ.

ಈ ಕಥೆಯ ಆಶಯ ವಿಶ್ವವ್ಯಾಪಿಯಾದದ್ದು. ಸ್ಟಿತ್ ಥಾಮ್ಸನ್ನನ ಆಶಯ ಸೂಚಿಯಲ್ಲಿ ಇದು ‘ಪೋತೀಫರನ ಹೆಂಡತಿ’ ಎಂಬ ಹೆಸರಿನಲ್ಲಿ ಕೆ 2111 ಎಂದು ಗುರುತಾಗಿದೆ. ಬೈಬಲ್ಲಿನ ಯೋಸೇಫ, ಗ್ರೀಕರ ಹಿಪ್ಪೊಲಿಟಸ್, ಅಶೋಕನ ಮಗ ಕುಣಾಲ ಇವರೆಲ್ಲರೂ ಇದೇ ಆಶಯದ ನಾಯಕರು. ಇಲ್ಲಿ ಒಂದು ಎಚ್ಚರ ಅಗತ್ಯ. ಈ ಕಥಾವರ್ಗವನ್ನು ‘ಹೆಣ್ಣಿನ ದೂರು ಸುಳ್ಳು’ ಎಂಬ ಪೂರ್ವಗ್ರಹಕ್ಕೆ ಆಧಾರವಾಗಿ ಬಳಸಿಕೊಂಡ ಉದಾಹರಣೆಗಳು ಬಹಳ ಇವೆ. ಪುರುಷಪ್ರಧಾನ ವ್ಯವಸ್ಥೆ ಕಟ್ಟಿದ ಕಥನದಲ್ಲಿ ರತ್ನಾಜಿಗೆ ಖಳನಾಯಕಿಯ ಪಾತ್ರವಲ್ಲದೆ ಬೇರೆ ಸ್ಥಾನವಿಲ್ಲ. ಅವಳ ಮಾತನ್ನೂ ಯಾರೂ ವಿಚಾರಿಸಲಿಲ್ಲ ಎಂಬುದು ಅಷ್ಟೇ ಸತ್ಯ. ಅರಸನು ಅವಳ ದೂರನ್ನು ನಂಬಿದನೇ ಹೊರತು ಪರೀಕ್ಷಿಸಲಿಲ್ಲ. ದೂರನ್ನು ಗೌರವಿಸುವುದಕ್ಕೂ ದೂರನ್ನೇ ತೀರ್ಪನ್ನಾಗಿ ಮಾಡುವುದಕ್ಕೂ ಇರುವ ಅಂತರವನ್ನು ಕುಮಾರರಾಮನ ಕಥೆ ತೋರಿಸುತ್ತದೆ. ಕಥೆಯ ದೋಷಾರೋಪ ಕಂಪಿಲರಾಯನ ಅವಸರದ ಮೇಲಿದೆ ಎಂದು ಓದುವುದೇ ಹೆಚ್ಚು ಸಮಂಜಸ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬೈಚಪ್ಪ ಮಾಡಿದ್ದು ರಾಜಾಜ್ಞೆಯ ಉಲ್ಲಂಘನೆ. ಆದರೂ ಜನಪದರು ಅವನನ್ನು ದ್ರೋಹಿಯೆಂದು ಕರೆಯಲಿಲ್ಲ. ಮರಣದಂಡನೆ ಒಮ್ಮೆ ಜಾರಿಯಾದರೆ ತಿದ್ದಿಕೊಳ್ಳಲು ಬರುವುದಿಲ್ಲ ಎಂಬ ತಿಳಿವಳಿಕೆ ಅವನ ನಡೆಯ ಹಿಂದಿದೆ. ಅವನು ಅರಸನಿಗೆ ಕಾಲಾವಕಾಶವನ್ನು ಗಳಿಸಿಕೊಟ್ಟನು. ಕರ್ನಾಟಕದ ಕೆಲವು ಭಾಗಗಳಲ್ಲಿ ಕುಮಾರರಾಮನು ಮರದ ತಲೆಯ ರೂಪದಲ್ಲಿ ಪೂಜೆಗೊಳ್ಳುತ್ತಾನೆ. ಕಡಿಯಬೇಕೆಂದು ಆಜ್ಞೆಯಾಗಿದ್ದ ತಲೆಯೇ ಆರಾಧ್ಯವಾಗಿರುವುದು ಜನಪದರು ಆ ತೀರ್ಪನ್ನು ರದ್ದುಗೊಳಿಸಿದ ಬಗೆ ಎನ್ನಬಹುದು.

4. ಶಾಸನ ಮತ್ತು ಶಾಸ್ತ್ರ

ಕೊಪ್ಪಳದ ಗವಿಮಠ ಹಾಗೂ ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರುಬಂಡೆ ಶಾಸನಗಳಿವೆ. ನ್ಯಾಯವಿಚಾರವನ್ನು ಅಶೋಕನು ವಿವರಿಸಿರುವುದು ಉತ್ತರ ಭಾರತದ ನಾಲ್ಕನೆಯ ಸ್ತಂಭಶಾಸನದಲ್ಲಿ. ವಿಚಾರಣೆಯಲ್ಲಿ ಸಮತೆ, ದಂಡನೆಯಲ್ಲಿ ಸಮತೆ ಇರಬೇಕೆಂದು ಅಲ್ಲಿ ಹೇಳಿದೆ. ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಬಿಡುವು ಕೊಡಬೇಕು, ಆ ಅವಧಿಯಲ್ಲಿ ಬಂಧುಗಳು ಅವರ ಪ್ರಾಣಕ್ಕಾಗಿ ಮೊರೆಯಿಡಬಹುದು ಎಂಬ ಸೂಚನೆಯೂ ಇದೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ಹೇಳುತ್ತದೆ: ವಾದಿಯ ದೂರು, ಪ್ರತಿವಾದಿಯ ಉತ್ತರ, ಪ್ರಮಾಣ, ನಿರ್ಣಯ. ಉತ್ತರವೆಂಬ ಎರಡನೆಯ ಪಾದವಿಲ್ಲದೆ ವ್ಯವಹಾರ ನಡೆಯಲಾರದು. ಉತ್ತರದಲ್ಲಿಯೂ ಒಪ್ಪಿಗೆ, ನಿರಾಕರಣೆ, ಒಪ್ಪಿ ಬೇರೆ ಕಾರಣ ಕೊಡುವುದು, ಈ ಹಿಂದೆಯೇ ತೀರ್ಪಾಗಿದೆಯೆನ್ನುವುದು ಎಂಬ ನಾಲ್ಕು ಬಗೆಗಳಿವೆ. ಪ್ರತಿವಾದಿಯ ಮಾತು ನ್ಯಾಯದ ಅಂಗವೆಂಬುದು ಕನ್ನಡ ನೆಲದಲ್ಲಿ ಒಂಬೈನೂರು ವರ್ಷಗಳಷ್ಟು ಹಿಂದೆಯೇ ಶಾಸ್ತ್ರರೂಪದಲ್ಲಿತ್ತು.

ಆದರೆ ಇದನ್ನು ಸುವರ್ಣಯುಗವೆಂದು ವೈಭವೀಕರಿಸಲಾಗದು. ಬೇರೆ ಪ್ರಮಾಣಗಳು ದೊರೆಯದಾಗ ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ದಿವ್ಯಗಳಿಗೆ ಆರೋಪಿಯನ್ನು ಒಳಪಡಿಸುವ ಪದ್ಧತಿಯಿತ್ತು. ಯಾವ ದಿವ್ಯ ಯಾರಿಗೆ ಎಂಬುದು ವರ್ಣವನ್ನು ಅವಲಂಬಿಸಿತ್ತು. ಬ್ರಾಹ್ಮಣನಿಗೆ ತಕ್ಕಡಿ, ಶೂದ್ರನಿಗೆ ವಿಷವೆಂಬ ವಿಂಗಡಣೆ ನ್ಯಾಯದ ತಕ್ಕಡಿಯೇ ಓರೆಯಾಗಿದ್ದುದಕ್ಕೆ ಸಾಕ್ಷಿ. ಘೋರ ಆರೋಪಗಳಲ್ಲಿ ದಿವ್ಯವನ್ನು ಬಯಸುವ ವಾದಿಯು, ಆರೋಪ ಸುಳ್ಳಾದರೆ ತಾನೇ ದಂಡನೆಗೆ ಒಳಗಾಗಲು ಸಿದ್ಧನಿರಬೇಕೆಂಬ ನಿಯಮವೂ ಅದೇ ಸ್ಮೃತಿಯಲ್ಲಿದೆ.

ಕೃಷ್ಣದೇವರಾಯನು ತೆಲುಗಿನಲ್ಲಿ ರಚಿಸಿದ ‘ಆಮುಕ್ತಮಾಲ್ಯದ’ದ ರಾಜನೀತಿ ಭಾಗದಲ್ಲಿ ಮರಣದಂಡನೆಗೆ ಗುರಿಯಾದವನಿಗೆ ಮೂರು ಸಲ ಮೊರೆಯಿಡುವ ಅವಕಾಶ ಇರಬೇಕೆಂಬ ಸೂಚನೆಯಿದೆ. ತಪ್ಪಿಸಿಕೊಂಡರೆ ರಾಜ್ಯಕ್ಕೆ ಕೇಡು ತರುವವರಿಗೆ ಮಾತ್ರ ಈ ಅವಕಾಶ ಬೇಡವೆಂಬ ಅಪವಾದವೂ ಅಲ್ಲಿಯೇ ಬರುತ್ತದೆ. ಸಾಮಾನ್ಯ ನಿಯಮ ಉದಾರ, ‘ಅಪಾಯಕಾರಿ’ಗೆ ಪ್ರತ್ಯೇಕ ನಿಯಮ: ಐದು ಶತಮಾನಗಳ ಹಿಂದಿನ ಈ ದ್ವಂದ್ವ ಇಂದಿನ ವಿಶೇಷ ಕಾನೂನುಗಳ ಚರ್ಚೆಯಲ್ಲಿಯೂ ಮುಂದುವರಿದಿದೆ.

5. ದೈವ, ನ್ಯಾಯ, ಗಾದೆ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ದೈವ’ ಎಂದರೆ ದೇವರು ಮಾತ್ರವಲ್ಲ, ಸೇರಿದ ಊರ ಹಿರಿಯರ ಸಭೆಯೂ ಹೌದು. ದೈವ ಕೂಡಿಸಿ ಹೇಳಿದ ಮಾತು ಮೀರಲಾಗದ ಮಾತು. ಕಟ್ಟೆ ಮತ್ತು ಚಾವಡಿಗಳಲ್ಲಿ ನಡೆಯುತ್ತಿದ್ದ ಈ ವಿಚಾರಣೆಗೆ ಖರ್ಚಿಲ್ಲ, ಭಾಷೆಯ ತೊಡಕಿಲ್ಲ. ಆದರೆ ಕಟ್ಟೆಯ ಮೇಲೆ ಕುಳಿತವರು ಯಾರು, ಕೆಳಗೆ ನಿಂತವರು ಯಾರು ಎಂಬುದನ್ನು ಜಾತಿಯೇ ನಿರ್ಧರಿಸುತ್ತಿತ್ತು. ದಲಿತರಿಗೆ, ಮಹಿಳೆಯರಿಗೆ ಅಲ್ಲಿ ಸಮಾನವಾದ ಮಾತಿನ ಹಕ್ಕು ಇರಲಿಲ್ಲ.

ಇದೇ ಭಾಗದ ಮಾತಿನಲ್ಲಿ ‘ನ್ಯಾಯ’ವೆಂಬ ಪದಕ್ಕೆ ಜಗಳ, ತಂಟೆ ಎಂಬ ಅರ್ಥವಿದೆ. ಇಬ್ಬರ ನಡುವೆ ನ್ಯಾಯ ಬಿತ್ತು ಎಂದರೆ ಜಗಳವಾಯಿತು ಎಂದೇ. ಪರಿಹಾರದ ಹೆಸರೇ ಸಮಸ್ಯೆಯ ಹೆಸರಾಗಿರುವುದು ಜನರ ಅನುಭವವನ್ನು ಸೂಚಿಸುತ್ತದೆ. ನ್ಯಾಯಾಲಯದ ಕುರಿತ ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯೂ ಇದನ್ನೇ ಹೇಳುತ್ತದೆ. ಫಿರ್ಯಾದಿ, ಮೊಕದ್ದಮೆ, ಜಾಮೀನು, ಪಂಚನಾಮೆ, ವಕೀಲ, ಸಜಾ ಈ ಪದಗಳು ಪಾರಸಿ, ಅರಬಿ, ಉರ್ದುಗಳ ದಾರಿಯಲ್ಲಿ ಕನ್ನಡಕ್ಕೆ ಬಂದವು. ಕಚೇರಿಯ ನ್ಯಾಯ ಹೊರಗಿನಿಂದ ಬಂದ ಆಡಳಿತದ ಭಾಷೆಯಲ್ಲಿಯೇ ಜನರನ್ನು ಮುಟ್ಟಿತೆಂಬುದಕ್ಕೆ ಈ ಪದಕೋಶವೇ ದಾಖಲೆ.

ಗಾದೆಗಳು ಆರೋಪಿಯ ವಿಷಯದಲ್ಲಿ ಏಕಮುಖವಾಗಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಕಣ್ಣಿನ ಸಾಕ್ಷ್ಯವನ್ನೂ ಪರೀಕ್ಷೆಗೆ ಒಳಪಡಿಸಲು ಹೇಳುತ್ತದೆ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರು’ ಎಂಬುದು ವಿಚಾರಿಸದೆ ನಂಬುವವರ ಗೇಲಿ. ಇದಕ್ಕೆ ಎದುರಾಗಿ ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬುದು ದೇಹದ ಚಲನೆಯನ್ನೇ ಅಪರಾಧದ ಪುರಾವೆಯಾಗಿ ಎಣಿಸುತ್ತದೆ. ‘ಮೌನಂ ಸಮ್ಮತಿಲಕ್ಷಣಂ’ ಎಂಬುದು ಸುಮ್ಮನಿದ್ದವನನ್ನು ಒಪ್ಪಿಕೊಂಡವನೆಂದು ತಿಳಿಯುತ್ತದೆ. ಇಪ್ಪತ್ತೊಂದನೆಯ ಶತಮಾನದ ಕಾನೂನು ಸುಧಾರಣೆಯ ಚರ್ಚೆ ಈ ಎರಡು ಬಗೆಯ ಗಾದೆಗಳ ನಡುವಿನ ವಾದವೇ ಆಗಿದೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

6. ಪ್ರಭುತ್ವದ ಅವಸರ: 1857ರಿಂದ 1951ರವರೆಗೆ

1857ರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಪ್ರತಿಭಟಿಸಿದ ಹಲಗಲಿಯ ಬೇಡರಲ್ಲಿ 19 ಜನರನ್ನು ಬ್ರಿಟಿಷರು ಗಲ್ಲಿಗೇರಿಸಿದರು. 1858ರಲ್ಲಿ ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು. ದಂಗೆಯ ಕಾಲದ ವಿಚಾರಣೆ ಹೆಸರಿಗೆ ಮಾತ್ರ ವಿಚಾರಣೆ. ಶಿಕ್ಷಿತರ ಪಕ್ಷದ ಮಾತು ಸರಕಾರಿ ಕಡತದಲ್ಲಿ ಉಳಿಯಲಿಲ್ಲ, ಲಾವಣಿಯಲ್ಲಿ ಉಳಿಯಿತು. ಹಲಗಲಿಯ ಲಾವಣಿಯನ್ನು ವೀರಗೀತೆಯೆಂದು ಮಾತ್ರ ಓದದೆ, ನ್ಯಾಯಾಲಯ ಬರೆದುಕೊಳ್ಳದ ಆರೋಪಿಗಳ ಹೇಳಿಕೆಯೆಂದು ಓದುವುದಕ್ಕೂ ಅವಕಾಶವಿದೆ.

ಸಾಣಾಪುರವೂ ಸೇರಿದಂತೆ ಇಂದಿನ ಕೊಪ್ಪಳ ಜಿಲ್ಲೆಯ ಪ್ರದೇಶ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಉರ್ದು ಆಡಳಿತದ ಹಾಗೂ ನ್ಯಾಯಾಲಯದ ಭಾಷೆ. ತನ್ನ ಮೇಲಿನ ಆರೋಪ ಯಾವ ಮಾತಿನಲ್ಲಿ ದಾಖಲಾಗಿದೆ ಎಂಬುದನ್ನು ಓದಲಾರದ ಕನ್ನಡ ರೈತನಿಗೆ ‘ಉತ್ತರ’ವೆಂಬ ಎರಡನೆಯ ಪಾದ ಎಷ್ಟರಮಟ್ಟಿಗೆ ದಕ್ಕುತ್ತಿತ್ತು ಎಂಬುದು ಯೋಚಿಸಬೇಕಾದ ವಿಷಯ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ ಸೈನಿಕ ಆಡಳಿತವು ವಿಶೇಷ ನ್ಯಾಯಮಂಡಳಿಗಳನ್ನು ಸ್ಥಾಪಿಸಿತು. ತೆಲಂಗಾಣದ ರೈತ ಹೋರಾಟದ ಸಂದರ್ಭದ ಕೊಲೆ ಆರೋಪಗಳಲ್ಲಿ ಇಂಥ ಮಂಡಳಿಗಳು 1949ರಲ್ಲಿ ಹಲವರಿಗೆ ಮರಣದಂಡನೆ ವಿಧಿಸಿದವು. ವಿಚಾರಣೆಯಲ್ಲಿ ತಮಗೆ ವಕೀಲರನ್ನು ಹೊಂದುವ ಸಮರ್ಪಕ ಅವಕಾಶ ಸಿಗಲಿಲ್ಲವೆಂಬುದು ಶಿಕ್ಷಿತರ ಮುಖ್ಯ ಆಕ್ಷೇಪ. ‘ಜನಾರ್ದನ ರೆಡ್ಡಿ ವಿರುದ್ಧ ಹೈದರಾಬಾದ್ ರಾಜ್ಯ’ ಪ್ರಕರಣದಲ್ಲಿ ಇಂಗ್ಲೆಂಡಿನ ಖ್ಯಾತ ವಕೀಲ ಡಿ. ಎನ್. ಪ್ರಿಟ್ ಅವರ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಹೈದರಾಬಾದ್ ಹೈಕೋರ್ಟಿನ ತೀರ್ಪು ಸಂವಿಧಾನ ಜಾರಿಗೆ ಬರುವ ಮೊದಲೇ ಬಂದಿದ್ದರಿಂದ ಮೇಲ್ಮನವಿಗೆ ಅವಕಾಶವಿಲ್ಲವೆಂದಾಯಿತು. ವಕೀಲರಿಲ್ಲದ ಕಾರಣಕ್ಕೇ ವಿಚಾರಣೆ ಅಸಿಂಧುವಾಗದೆಂದು 1951ರಲ್ಲಿ ನ್ಯಾಯಾಲಯ ಹೇಳಿತು. 1950ರ ಜನವರಿ 26ಕ್ಕೆ ಕೆಲವೇ ವಾರ ಮೊದಲು ಬಂದ ತೀರ್ಪು, ಕೆಲವು ವಾರಗಳ ಅಂತರದಲ್ಲಿ ತಪ್ಪಿಹೋದ ಹಕ್ಕು: ವಿಧಾನದ ಪ್ರಶ್ನೆ ಜೀವದ ಪ್ರಶ್ನೆಯೇ ಹೌದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಅಪರೂಪ. 1951ರ ಏಪ್ರಿಲ್ 1ರಿಂದ ಭಾರತದ ದಂಡ ಪ್ರಕ್ರಿಯಾ ಸಂಹಿತೆ ಹೈದರಾಬಾದ್ ರಾಜ್ಯಕ್ಕೂ ಅನ್ವಯವಾಯಿತು. 1956ರ ನವೆಂಬರ್ 1ರಂದು ಈ ಸೀಮೆ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಸೇರಿತು.

ವಕೀಲರ ನೆರವಿನ ಹಕ್ಕು ಅನಂತರ ಹಂತಹಂತವಾಗಿ ಬೆಳೆಯಿತು. 1976ರ 42ನೆಯ ತಿದ್ದುಪಡಿಯ ಮೂಲಕ ಉಚಿತ ಕಾನೂನು ನೆರವು ಸಂವಿಧಾನದ 39ಎ ವಿಧಿಯಾಯಿತು. 1979ರ ಹುಸೇನಾರಾ ಖಾತೂನ್ ಪ್ರಕರಣ ತ್ವರಿತ ವಿಚಾರಣೆಯನ್ನು ಜೀವಿಸುವ ಹಕ್ಕಿನ ಭಾಗವೆಂದಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರಲ್ಲಿ ಜಾರಿಗೆ ಬಂತು. ಘೋರ ಆರೋಪ ಹೊತ್ತವರ ಪರ ಯಾರೂ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಅಸಿಂಧುವೆಂದು ಸುಪ್ರೀಂ ಕೋರ್ಟು 2010ರ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

7. ಹುಟ್ಟಿನಿಂದಲೇ ಆರೋಪಿಗಳು

ಆರೋಪಿಯ ಹಕ್ಕಿನ ಚರ್ಚೆಯಲ್ಲಿ ಅಲೆಮಾರಿ ಸಮುದಾಯಗಳ ಚರಿತ್ರೆಗೆ ವಿಶೇಷ ಸ್ಥಾನವಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಮತ್ತು ಅದರ ಮುಂದಿನ ರೂಪಗಳು ವ್ಯಕ್ತಿಯ ಕೃತ್ಯವನ್ನು ನೋಡದೆ ಅವನ ಕುಲವನ್ನೇ ಅಪರಾಧವೆಂದು ಸಾರಿದವು. ಕೊರವ, ಗಂಟಿಚೋರ, ಹರಣಶಿಕಾರಿ ಮೊದಲಾದ ಸಮುದಾಯಗಳು ಪೊಲೀಸ್ ಹಾಜರಿಗೆ ಒಳಪಟ್ಟವು. ಮುಂಬಯಿ ಕರ್ನಾಟಕದ ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಅವರಿಗಾಗಿ ತಂತಿಬೇಲಿಯ ವಸತಿಗಳನ್ನು ನಿರ್ಮಿಸಲಾಯಿತು. ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಬಡಾವಣೆಗಳ ಹೆಸರಾಗಿ ಉಳಿದಿದೆ. ಇಲ್ಲಿ ದೂರೂ ಇಲ್ಲ, ಉತ್ತರವೂ ಇಲ್ಲ, ಪ್ರಮಾಣವೂ ಇಲ್ಲ. ನಾಲ್ಕು ಪಾದಗಳಲ್ಲಿ ಉಳಿದದ್ದು ನಿರ್ಣಯವೊಂದೇ.

1952ರ ಆಗಸ್ಟ್ 31ರಂದು ಈ ಕಾಯಿದೆ ರದ್ದಾಯಿತು. ಆದರೆ ಸಂಶಯ ಬೇರೆ ಹೆಸರಿನಲ್ಲಿ ಮುಂದುವರಿಯಿತು. ಊರಲ್ಲಿ ಕಳವಾದರೆ ಮೊದಲು ಅಲೆಮಾರಿಗಳ ಗುಡಿಸಲನ್ನು ಹುಡುಕುವ ರೂಢಿ ಕಾಯಿದೆಯೊಂದಿಗೆ ಕೊನೆಗೊಳ್ಳಲಿಲ್ಲ. ಸೆರೆಮನೆಯ ಕೈಪಿಡಿಗಳಲ್ಲಿ ಈ ಸಮುದಾಯಗಳ ವಿರುದ್ಧ ಹಾಗೂ ಜಾತಿಯ ಆಧಾರದಲ್ಲಿ ಉಳಿದಿದ್ದ ತಾರತಮ್ಯದ ನಿಯಮಗಳನ್ನು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ ರದ್ದುಪಡಿಸಿದ್ದು 2024ರ ಅಕ್ಟೋಬರಿನಲ್ಲಿ.

8. ಮಳೀಮಠ ಸಮಿತಿ ಮತ್ತು ಸೆಲ್ವಿ ತೀರ್ಪು

ಸ್ವತಂತ್ರ ಭಾರತದಲ್ಲಿ ಅಪರಾಧ ನ್ಯಾಯ ಸುಧಾರಣೆಯ ಅತ್ಯಂತ ವಿವಾದಾಸ್ಪದ ವರದಿಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹಾಗೂ ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳೀಮಠರ ಅಧ್ಯಕ್ಷತೆಯ ಸಮಿತಿ 2000ದಲ್ಲಿ ನೇಮಕಗೊಂಡು 2003ರಲ್ಲಿ 158 ಶಿಫಾರಸುಗಳ ವರದಿಯನ್ನು ಒಪ್ಪಿಸಿತು. ಸತ್ಯಾನ್ವೇಷಣೆಯೇ ನ್ಯಾಯಾಲಯದ ಗುರಿಯಾಗಬೇಕು ಎಂಬುದು ವರದಿಯ ಕೇಂದ್ರ ತತ್ತ್ವ. ‘ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ’ ಆರೋಪ ರುಜುವಾತಾಗಬೇಕೆಂಬ ಮಾನದಂಡವನ್ನು ಸಡಿಲಿಸಬೇಕು, ಆರೋಪಿ ಉತ್ತರಿಸದೆ ಮೌನವಾಗಿದ್ದರೆ ನ್ಯಾಯಾಲಯ ಅದರಿಂದ ತಕ್ಕ ಅರ್ಥವನ್ನು ಕಲ್ಪಿಸಿಕೊಳ್ಳಬಹುದು, ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದು ಎಂಬ ಶಿಫಾರಸುಗಳು ತೀವ್ರ ಟೀಕೆಗೆ ಗುರಿಯಾದವು. ಇನ್ನೊಂದೆಡೆ ನೊಂದವರಿಗೆ ವಿಚಾರಣೆಯಲ್ಲಿ ಪಾಲ್ಗೊಳ್ಳುವ ಹಕ್ಕು, ಪರಿಹಾರ, ಸಾಕ್ಷಿಗಳ ರಕ್ಷಣೆ ಕುರಿತ ಶಿಫಾರಸುಗಳಿಗೆ ವ್ಯಾಪಕ ಮನ್ನಣೆ ದೊರೆಯಿತು.

ಸಮಿತಿಯ ಆತಂಕ ನಿರಾಧಾರವಾದುದೇನೂ ಅಲ್ಲ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲವಾಗಿ 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಏಳು ಜನ ಸತ್ತದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ ಎಂಬ ಸ್ಥಿತಿ ನ್ಯಾಯದ ಸೋಲು. ಆದರೆ ಈ ಸೋಲಿನ ಕಾರಣ ಆರೋಪಿಯ ಹಕ್ಕಿನಲ್ಲಿದೆಯೇ, ಸಾಕ್ಷಿಗೆ ರಕ್ಷಣೆಯಿಲ್ಲದ ವ್ಯವಸ್ಥೆಯಲ್ಲಿದೆಯೇ ಎಂಬುದು ಮೂಲ ಪ್ರಶ್ನೆ. ರುಜುವಾತಿನ ಮಾನದಂಡವನ್ನು ಸಡಿಲಿಸಿದರೆ ಅದರ ಪೆಟ್ಟು ಬೀಳುವುದು ಕಂಬಾಲಪಲ್ಲಿಯ ಬಲಾಢ್ಯರ ಮೇಲಲ್ಲ. ವಕೀಲರನ್ನು ಇಟ್ಟುಕೊಳ್ಳಲಾರದ ಬಡವರ ಮೇಲೆ, ಈಗಾಗಲೇ ಸಂಶಯಕ್ಕೆ ಗುರಿಯಾದ ಸಮುದಾಯಗಳ ಮೇಲೆ ಅದು ಬೀಳುತ್ತದೆ ಎಂಬುದಕ್ಕೆ ಹಿಂದಿನ ಭಾಗದಲ್ಲಿ ನೋಡಿದ ಚರಿತ್ರೆಯೇ ಸಾಕ್ಷಿ.

ಮೌನದಿಂದ ಅರ್ಥ ಕಲ್ಪಿಸುವ ಶಿಫಾರಸು ‘ಮೌನಂ ಸಮ್ಮತಿಲಕ್ಷಣಂ’ ಎಂಬ ಮಾತಿನ ಶಾಸನರೂಪ. ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮೆದುಳಿನ ನಕ್ಷೆಗಳ ಬಳಕೆಯೋ ‘ಹೆಗಲು ಮುಟ್ಟಿ ನೋಡಿಕೊಂಡ’ ಗಾದೆಯ ಯಾಂತ್ರಿಕ ರೂಪ. ಬಾಯಿ ಹೇಳದ್ದನ್ನು ದೇಹ ಹೇಳುತ್ತದೆ ಎಂಬ ನಂಬಿಕೆಯಲ್ಲಿ ಹಳೆಯ ದಿವ್ಯಕ್ಕೂ ಹೊಸ ಪ್ರಯೋಗಾಲಯಕ್ಕೂ ನಂಟಿದೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಕಾಯ್ದ ಕಬ್ಬಿಣದಿಂದ ಆರೋಪಿಯ ಕೈಯನ್ನು ಬಿಡಿಸಿದ ಸಮಾಜ ಸೂಜಿಮದ್ದಿನಿಂದಲೂ ಅವನ ಮನಸ್ಸನ್ನು ಬಿಡಿಸಬೇಕಾಯಿತು.

9. ಮರಕುಂಬಿ ಮತ್ತು ಹೊಸ ಸಂಹಿತೆಗಳು

ಗಂಗಾವತಿ ತಾಲೂಕಿನದೇ ಆದ ಮರಕುಂಬಿಯ ಪ್ರಕರಣ ಈ ಚರ್ಚೆಯನ್ನು ಮತ್ತೆ ಸ್ಥಳೀಯ ನೆಲೆಗೆ ತರುತ್ತದೆ. 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಅವರ ಮನೆಗಳಿಗೆ ಬೆಂಕಿ ಹಚ್ಚಲಾಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ, 3 ಜನರಿಗೆ 5 ವರ್ಷಗಳ ಶಿಕ್ಷೆ ವಿಧಿಸಿತು. ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಜನರಿಗೆ ಜೀವಾವಧಿ ಶಿಕ್ಷೆಯಾದದ್ದು ಅಪರೂಪ. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠವು ಮೇಲ್ಮನವಿಯ ಹಂತದಲ್ಲಿ ಶಿಕ್ಷಿತರಲ್ಲಿ ಬಹುಪಾಲು ಜನರಿಗೆ ಜಾಮೀನು ನೀಡಿತು.

ಈ ಪ್ರಕರಣದಲ್ಲಿ ಎರಡು ನ್ಯಾಯದ ಬೇಡಿಕೆಗಳೂ ಒಟ್ಟಿಗೆ ನಿಂತಿವೆ. ಕಟ್ಟೆಯ ನ್ಯಾಯದಲ್ಲಿ ಎಂದೂ ಮಾತು ಸಿಗದಿದ್ದ ದಲಿತರ ಸಾಕ್ಷ್ಯವನ್ನು ನ್ಯಾಯಾಲಯ ಕೇಳಿಸಿಕೊಂಡು ನಂಬಿತು. ಇದು ಚರಿತ್ರಾರ್ಹ ಸಂಗತಿ. ಅದಕ್ಕೆ ಹತ್ತು ವರ್ಷ ಹಿಡಿದದ್ದು ನೊಂದವರಿಗೆ ಆದ ಅನ್ಯಾಯ. ಇನ್ನೊಂದೆಡೆ ನೂರಕ್ಕೂ ಹೆಚ್ಚು ಜನರ ಗುಂಪಿನಲ್ಲಿ ಪ್ರತಿಯೊಬ್ಬನ ಪಾತ್ರವನ್ನು ಬೇರೆಬೇರೆಯಾಗಿ ಪರಿಶೀಲಿಸುವುದು ಮೇಲ್ಮನವಿ ನ್ಯಾಯಾಲಯದ ಕರ್ತವ್ಯ. ಆ ಪರಿಶೀಲನೆಯನ್ನು ದಾಟಿ ನಿಂತ ತೀರ್ಪನ್ನು ಮುಂದೆ ಯಾರೂ ಅವಸರದ ತೀರ್ಪೆಂದು ಹೀಗಳೆಯಲಾರರು. ಆರೋಪಿಗೆ ಕೊಟ್ಟ ಅವಕಾಶ ಹೀಗೆ ನೊಂದವರ ಗೆಲುವನ್ನೂ ಭದ್ರಪಡಿಸುತ್ತದೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮಗಳು ಜಾರಿಗೆ ಬಂದಿವೆ. ಶೋಧನೆ ಮತ್ತು ಜಪ್ತಿಯ ದೃಶ್ಯ-ಧ್ವನಿ ಮುದ್ರಣ, ಮೊದಲ ಬಾರಿಗೆ ಆರೋಪಕ್ಕೆ ಒಳಗಾದ ವಿಚಾರಣಾಧೀನ ಕೈದಿಗೆ ಗಂಭೀರ ಅಪರಾಧಗಳನ್ನು ಬಿಟ್ಟು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಕಳೆದ ಮೇಲೆ ಬಿಡುಗಡೆ ಇವು ಆರೋಪಿಯ ದೃಷ್ಟಿಯಿಂದ ಸ್ವಾಗತಾರ್ಹ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದೆಂಬ ನಿಯಮ ಹೊಸ ಅಧಿನಿಯಮದಲ್ಲಿಯೂ ಉಳಿದಿದೆ. ಆದರೆ ಪೊಲೀಸ್ ವಶದ ಹದಿನೈದು ದಿನಗಳನ್ನು ಬಂಧನದ ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿ ಪಡೆಯಲು ಅವಕಾಶ, ತಲೆಮರೆಸಿಕೊಂಡ ಘೋಷಿತ ಅಪರಾಧಿಯ ಗೈರುಹಾಜರಿಯಲ್ಲಿ ವಿಚಾರಣೆ ಈ ಅಂಶಗಳು ಉತ್ತರವೆಂಬ ಪಾದವನ್ನು ದುರ್ಬಲಗೊಳಿಸಬಹುದೆಂಬ ಚರ್ಚೆ ನಡೆದಿದೆ.

10. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಆರೋಪಿಯ ಮಾತನ್ನು ಕೇಳಬೇಕೆಂಬ ತತ್ತ್ವ ಈ ನೆಲಕ್ಕೆ ಪರಕೀಯವಲ್ಲ. ಅಶೋಕನ ಮೂರು ದಿನ, ವಿಜ್ಞಾನೇಶ್ವರನ ಎರಡನೆಯ ಪಾದ, ಕೃಷ್ಣದೇವರಾಯನ ಮೂರು ಮೊರೆ, ಬೈಚಪ್ಪನ ಉಪಾಯ ಇವೆಲ್ಲ ಅದರ ಬೇರೆಬೇರೆ ರೂಪಗಳು. ಹಾಗೆಯೇ ಆರೋಪಿಯನ್ನು ಕುಲದಿಂದ, ಮೌನದಿಂದ, ದೇಹದಿಂದ ಅಳೆಯುವ ಪ್ರವೃತ್ತಿಯೂ ಇಲ್ಲಿನದೇ. ಪರಂಪರೆಯಲ್ಲಿ ಎರಡೂ ಇವೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಗೆ ಸಂವಿಧಾನವು ಸಮಾನತೆಯ ಒರೆಗಲ್ಲನ್ನು ಕೊಟ್ಟಿದೆ.

ನೊಂದವರ ನ್ಯಾಯ ಮತ್ತು ಆರೋಪಿಯ ನ್ಯಾಯ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂಬ ತಿಳಿವಳಿಕೆ ಅರ್ಧಸತ್ಯ. ಕಂಬಾಲಪಲ್ಲಿಯಲ್ಲಿ ಸೋತದ್ದು ಸಾಕ್ಷಿಯ ರಕ್ಷಣೆ, ಹೈದರಾಬಾದಿನ ವಿಶೇಷ ಮಂಡಳಿಯಲ್ಲಿ ಸೋತದ್ದು ಆರೋಪಿಯ ರಕ್ಷಣೆ. ಎರಡರಲ್ಲಿಯೂ ಆದದ್ದು ಒಂದೇ: ಕೇಳಬೇಕಾದ ಮಾತನ್ನು ಪೂರ್ಣವಾಗಿ ಕೇಳಲಿಲ್ಲ. ಸಾಣಾಪುರದ ಕಾಲುವೆಯ ದಂಡೆಯಲ್ಲಿ ನಡೆದ ಕೃತ್ಯದಂಥ ಪ್ರಕರಣಗಳಲ್ಲಿ ನೊಂದ ಮಹಿಳೆಯರ ಮಾತನ್ನು ಗೌರವದಿಂದ ಕೇಳುವುದು, ಆರೋಪಿಗಳಿಗೆ ವಕೀಲರನ್ನು ಒದಗಿಸುವುದು ಎರಡೂ ಒಂದೇ ನ್ಯಾಯದ ಕೆಲಸಗಳು. ಕಂಪಿಲರಾಯನಿಗೆ ತನ್ನ ತಪ್ಪು ತಿಳಿದದ್ದು ಕೋಟೆಯ ಬಾಗಿಲಿಗೆ ವೈರಿ ಬಂದ ಮೇಲೆ. ಅಂದು ಅವನ ಮಗ ಬದುಕಿದ್ದುದು ನ್ಯಾಯದ ಬಲದಿಂದಲ್ಲ, ಒಬ್ಬ ಮಂತ್ರಿಯ ವಿವೇಕದಿಂದ. ಪ್ರತಿ ಆರೋಪಿಗೂ ಒಬ್ಬ ಬೈಚಪ್ಪ ಸಿಗುವುದಿಲ್ಲ. ಆದ್ದರಿಂದಲೇ ಆ ವಿವೇಕವನ್ನು ವ್ಯಕ್ತಿಯ ಸೌಜನ್ಯಕ್ಕೆ ಬಿಡದೆ ಕಾನೂನಿನ ನಿಯಮವನ್ನಾಗಿ ಉಳಿಸಿಕೊಳ್ಳಬೇಕಾಗಿದೆ.